ಯಾವ ಸ್ಮಿತ್?

ಪ್ರಶ್ನೆ: ಕ್ರಿಕೆಟ್ ನೋಡಲು ಕೂತರೆ ಸ್ಟೀವ್ ಸ್ಮಿತ್, ಅರ್ಥಶಾಸ್ತ್ರ ಓದಿದರೆ ಆಡಮ್ ಸ್ಮಿತ್. ಭೂಪಟ ಬಿಡಿಸಿದರೆ ಲೇಡಿಸ್ಮಿತ್, ಸ್ಮಿತ್‌ಫೀಲ್ಡ್, ಫೋರ್ಟ್ ಸ್ಮಿತ್. ಸೇಬಿನಲ್ಲಿ ಗ್ರ್ಯಾನಿ ಸ್ಮಿತ್, ಗಣಿತದಲ್ಲಿ ಸ್ಮಿತ್ ಸಂಖ್ಯೆ, ಅಮೆರಿಕದಲ್ಲಿ ಸ್ಮಿತ್‌ಸೋನಿಯನ್. ಇವೆಲ್ಲ ಒಂದೇ ಮನೆತನದ ಕವಲುಗಳೇ? ಅಲ್ಲವಾದರೆ ಒಂದು ಅಡ್ಡಹೆಸರು ಇಷ್ಟು ಹಬ್ಬಿದ್ದು ಹೇಗೆ? ಮಗಳು ಇವನ್ನೆಲ್ಲ ವಂಶವೃಕ್ಷದ ಹಾಗೆ ಬರೆದು ಗೋಡೆಗೆ ಅಂಟಿಸಿದ್ದಾಳೆ. ಸರಿಯೋ ತಪ್ಪೋ ಹೇಳಲು ನನಗೆ ಬರುತ್ತಿಲ್ಲ. ಸ್ಮಿತ ಅಂದರೆ ನಗು ಅಲ್ಲವಾ, ಅದಕ್ಕೂ ಇದಕ್ಕೂ ನಂಟು ಇದೆಯಾ ಅಂತಲೂ ಕೇಳುತ್ತಾಳೆ.

ಉತ್ತರ: ಮೊದಲು ನಗುವಿನ ವಿಷಯ ಮುಗಿಸಿಬಿಡೋಣ. ನಮ್ಮ ‘ಸ್ಮಿತ’ ಸಂಸ್ಕೃತದಿಂದ ಬಂದ ಮುಗುಳ್ನಗೆ. ಇಂಗ್ಲಿಷಿನ ‘ಸ್ಮಿತ್’ ಕುಲುಮೆಯ ಮುಂದೆ ಬೆವರು ಸುರಿಸುವ ಕಮ್ಮಾರ. ಕನ್ನಡ ಲಿಪಿಯಲ್ಲಿ ಅಕ್ಕಪಕ್ಕ ಬರೆದಾಗ ಅವಳಿಗಳ ಹಾಗೆ ಕಾಣುತ್ತವೆ, ಅಷ್ಟೇ. ಹಾಗಂತ ಮಗಳ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಗೋಡೆಯ ಮೇಲಿನ ಮರದಲ್ಲಿ ಆಗಿರುವ ಎಡವಟ್ಟೂ ಇದೇ ಜಾತಿಯದು. ಕೇಳಲು ಒಂದೇ ಥರ ಇರುವುದನ್ನೆಲ್ಲ ಒಂದೇ ಬೇರಿಗೆ ಕಟ್ಟಿದ್ದಾಳೆ.

ಮರ ತಪ್ಪು. ನೀವು ಬರೆದ ಪಟ್ಟಿಯಲ್ಲಿ ಯಾವ ಇಬ್ಬರನ್ನೂ ಒಂದು ಕೊಂಬೆಗೆ ಸೇರಿಸಲು ಆಧಾರವಿಲ್ಲ. ಒಂದು ಹೆಸರಂತೂ ಸ್ಮಿತ್ತೇ ಅಲ್ಲ, ವೇಷ ಹಾಕಿಕೊಂಡು ಒಳಗೆ ಬಂದಿದೆ. ಅದು ಯಾವುದು ಅಂತ ಊರುಗಳ ಸರದಿ ಬಂದಾಗ ಹೇಳುತ್ತೇನೆ.

ಆರೇಳು ನೂರು ವರ್ಷ ಹಿಂದಿನ ಒಂದು ಇಂಗ್ಲಿಷ್ ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವತ್ತು ನಲವತ್ತು ಮನೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆ ನೆಲದ ಹಳೆಯ ಹೆಸರುಗಳೆಲ್ಲ ನಿಧಾನವಾಗಿ ಮೂಲೆಗೆ ಸೇರಿದವು. ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಬೆರಳೆಣಿಕೆಯ ಹೆಸರುಗಳೇ ಮನೆಮನೆಗೂ ಹಬ್ಬಿದವು. ಒಂದೇ ಹಳ್ಳಿಯಲ್ಲಿ ಆರು ಜನ ಜಾನ್. ಊರವರಿಗೆ ಇದರಿಂದ ತೊಂದರೆಯಿಲ್ಲ, ಮುಖ ನೋಡಿದರೆ ಯಾವ ಜಾನ್ ಅಂತ ಗೊತ್ತು. ತೊಂದರೆ ಶುರುವಾಗುವುದು ಹೊರಗಿನಿಂದ ಗುಮಾಸ್ತ ಬಂದು ಪಟ್ಟಿ ಬರೆಯಲು ಕೂತಾಗ. 1377, 1379 ಮತ್ತು 1381ರಲ್ಲಿ ಇಂಗ್ಲೆಂಡಿನಲ್ಲಿ ತಲೆಗಂದಾಯ ಹಾಕಿದರು. ಹೆಸರುಗಳ ಹಿಂದೆ ಬಿದ್ದ ನನ್ನಂಥವರಿಗೆ ಆ ಪಟ್ಟಿಗಳು ಹಬ್ಬದೂಟ. ಗುಡ್ಡದ ಮೇಲಿನ ಜಾನ್, ವಿಲಿಯಮನ ಮಗ ಜಾನ್, ಕಮ್ಮಾರ ಜಾನ್ ಎಂಬ ಥರದ ಗುರುತುಗಳು ಅವುಗಳಲ್ಲಿ ಸಾಲುಸಾಲಾಗಿ ಸಿಗುತ್ತವೆ.

‘ರೈತ ಜಾನ್’ ಅಂತ ಬರೆದರೆ ಗುಮಾಸ್ತನಿಗೆ ಏನೂ ಪ್ರಯೋಜನವಿಲ್ಲ; ಆರರಲ್ಲಿ ಐವರು ರೈತರೇ. ಕಮ್ಮಾರ ಹಾಗಲ್ಲ. ನೇಗಿಲ ಗುಳ, ಕುಡುಗೋಲು, ಕುದುರೆಯ ಲಾಳ, ಬಾಗಿಲ ಕೀಲು ಎಲ್ಲಕ್ಕೂ ಅವನೇ ಬೇಕು, ಆದರೆ ಸಣ್ಣ ಹಳ್ಳಿಗೆ ಒಂದು ಕುಲುಮೆ ಸಾಕು. ಹಾಗಾಗಿ ‘ಕಮ್ಮಾರ ಜಾನ್’ ಅಂದ ಕೂಡಲೇ ಆಳು ಸಿಕ್ಕಿಬಿಡುತ್ತಾನೆ. ಪಕ್ಕದ ಹಳ್ಳಿಯಲ್ಲೂ ಇದೇ ಕತೆ, ಅದರಾಚೆಯ ಹಳ್ಳಿಯಲ್ಲೂ ಇದೇ. ಹಳ್ಳಿಯೊಳಗೆ ಒಬ್ಬನೇ ಇದ್ದದ್ದರಿಂದಲೇ ಹೆಸರು ಅಂಟಿಕೊಂಡಿತು. ಪ್ರತಿ ಹಳ್ಳಿಯಲ್ಲೂ ಒಬ್ಬ ಇದ್ದದ್ದರಿಂದ ದೇಶದ ತುಂಬ ಅದೇ ಹೆಸರಾಯಿತು. ಅಡ್ಡಹೆಸರುಗಳ ವಿಚಾರದಲ್ಲಿ ನನಗೆ ಅತಿ ಇಷ್ಟವಾದ ವಿರೋಧಾಭಾಸ ಇದು. ಗುರುತು ಹೇಳಲು ಹುಟ್ಟಿದ ಹೆಸರು ಊರಿನ ಗಡಿ ದಾಟಿದ್ದೇ ಗುರುತು ಕಳೆದುಕೊಂಡಿತು. ಆಮೇಲೆ ಆ ಗುರುತುಗಳು ಅಪ್ಪನಿಂದ ಮಗನಿಗೆ ಇಳಿಯತೊಡಗಿದವು. ಒಮ್ಮೆಯೂ ಸುತ್ತಿಗೆ ಹಿಡಿಯದ ಮೊಮ್ಮಗನೂ ಸ್ಮಿತ್ತೇ.

ಕಮ್ಮಾರರನ್ನು ಯುದ್ಧಕ್ಕೆ ಕಳಿಸುತ್ತಿರಲಿಲ್ಲ, ಅದಕ್ಕೇ ಅವರ ಸಂತಾನ ಉಳಿದು ಬೆಳೆಯಿತು ಎಂಬ ಕತೆಯೊಂದು ಆಗಾಗ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ನಂಬಬೇಡಿ. ಕತ್ತಿ, ಬಾಣ, ಲಾಳ ಮಾಡುವವನು ಸೈನ್ಯಕ್ಕೆ ಎಲ್ಲರಿಗಿಂತ ಮೊದಲು ಬೇಕಾಗುತ್ತಿದ್ದ.

ಪೇಟೆ ಪಟ್ಟಣಗಳಲ್ಲಿ ಕಮ್ಮಾರರು ಹಲವರಿದ್ದರು. ಅಲ್ಲಿ ‘ಸ್ಮಿತ್’ ಅಂದರೆ ಸಾಲದು, ಯಾವ ಕಮ್ಮಾರ ಅಂತ ಬಿಡಿಸಿ ಹೇಳಬೇಕು. ಬಾಣದ ಮೊನೆ ಮಾಡುವವನು ಆರೋಸ್ಮಿತ್, ಲಾಳ ಮಾಡುವವನು ಶೂಸ್ಮಿತ್, ಚಿನ್ನದ ಕೆಲಸದವನು ಗೋಲ್ಡ್‌ಸ್ಮಿತ್, ಚಾಕು ಮಾಡುವವನು ನೇಸ್ಮಿತ್. 1891ರಲ್ಲಿ ಬಾಸ್ಕೆಟ್‌ಬಾಲ್ ಆಟ ಹುಟ್ಟುಹಾಕಿದ ಜೇಮ್ಸ್ ನೇಸ್ಮಿತ್ ಹೆಸರಿನಲ್ಲಿ ಇಂಥ ಒಂದು ಚಾಕು ಅಡಗಿದೆ.

ಇಂಗ್ಲಿಷಿನ ಬೇಲಿ ದಾಟಿದರೆ ಇದೇ ಕಮ್ಮಾರ ಬೇರೆ ಬೇರೆ ಉಡುಪಿನಲ್ಲಿ ಎದುರಾಗುತ್ತಾನೆ. ಜರ್ಮನರ ಶ್ಮಿಟ್, ಡಚ್ಚರ ಸ್ಮಿಟ್, ರಷ್ಯನ್ನರ ಕುಜ್ನೆತ್ಸೊವ್, ಪೋಲೆಂಡಿನ ಕೊವಾಲ್ಸ್ಕಿ, ಹಂಗೇರಿಯ ಕೊವಾಚ್, ಅರಬ್ಬಿಯ ಹದ್ದಾದ್, ಫ್ರೆಂಚರ ಲೆಫೆವ್ರ್ ಮತ್ತು ಫಾಬ್ರ್, ಸ್ಪೇನಿನ ಎರ್ರೆರೊ. ಫೆರಾರಿ ಕಾರು ಕಂಡು ಬಾಯಿ ಬಿಡುವವರಿಗೆ ಒಂದು ಮಾತು: ಇಟಲಿಯ ಆ ಹೆಸರೂ ಕಬ್ಬಿಣದ ಕೆಲಸದವರದೇ. ಕನ್ನಡದಲ್ಲಿ ಕರೆದರೆ ‘ಕಮ್ಮಾರರ ಗಾಡಿ’. ಇವರಲ್ಲಿ ಯಾರೂ ಯಾರ ನೆಂಟರೂ ಅಲ್ಲ. ಕಬ್ಬಿಣ ಇದ್ದ ಕಡೆಯಲ್ಲೆಲ್ಲ ಕುಲುಮೆ ಇತ್ತು, ಕುಲುಮೆ ಇದ್ದ ಕಡೆಯಲ್ಲೆಲ್ಲ ಅದರ ಹೆಸರಿನ ಒಂದು ಮನೆ ಇತ್ತು.

ಸ್ಮಿತ್‌ಗಳ ಸಂಖ್ಯೆ ಉಬ್ಬಲು ಇನ್ನೊಂದು ಕಾರಣ ಈ ಬೇರೆ ಕಮ್ಮಾರರೇ. ಅಮೆರಿಕಕ್ಕೆ ಬಂದ ಎಷ್ಟೋ ಶ್ಮಿಟ್‌ಗಳು ಅಲ್ಲಿ ಸ್ಮಿತ್ ಆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರು ಇಟ್ಟುಕೊಂಡು ಓಡಾಡುವುದೇ ಕಷ್ಟವಾದಾಗ ಇನ್ನಷ್ಟು ಜನ ಬದಲಾದರು. ಐರ್ಲೆಂಡಿನ ಕ್ಯಾವನ್ ಪ್ರಾಂತ್ಯದಲ್ಲಿ ಗೇಲಿಕ್ ಭಾಷೆಯ ‘ಕಮ್ಮಾರನ ಮಗ’ ಎಂಬ ಹೆಸರಿನ ಮ್ಯಾಕ್‌ಗೋವನ್‌ಗಳು ಇಂಗ್ಲಿಷರ ಆಳ್ವಿಕೆಯಲ್ಲಿ ಸ್ಮಿತ್ ಅಂತ ಬರೆಸಿಕೊಂಡರು. ಬ್ರಿಟನ್ನಿನ ರೋಮಾ ಅಲೆಮಾರಿಗಳಲ್ಲಿ ಪೆಟುಲೆಂಗ್ರೊ, ಅಂದರೆ ಲಾಳ ಮಾಡುವವನು, ಎಂಬ ಹೆಸರಿನವರು ಹೊರಗಿನವರ ಮುಂದೆ ಸ್ಮಿತ್. ಎಲ್ಲಿಸ್ ದ್ವೀಪದ ವಲಸೆ ಅಧಿಕಾರಿಗಳು ನಾಲಿಗೆ ಹೊರಳದ್ದಕ್ಕೆ ಜನರ ಹೆಸರು ಕತ್ತರಿಸಿ ಬರೆದರು ಎಂಬ ಮಾತನ್ನು ನೀವು ಕೇಳಿರಬಹುದು. ಅದು ಕಟ್ಟುಕತೆ. ಹಡಗು ಹತ್ತುವಾಗ ಬರೆದ ಪಟ್ಟಿಯನ್ನೇ ಅವರು ತಾಳೆ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡವರು ಊರೊಳಗೆ ನೆಲೆ ನಿಂತ ಮೇಲೆ, ಕೆಲಸಕ್ಕಾಗಿ, ಬಾಡಿಗೆ ಮನೆಗಾಗಿ, ಮಕ್ಕಳ ಶಾಲೆಗಾಗಿ ತಾವೇ ಬದಲಿಸಿಕೊಂಡರು.

ಇನ್ನೊಂದು ದಾರಿ ನೋವಿನದು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡಾಗ ಲಕ್ಷಾಂತರ ಜನ ಮೊದಲ ಸಲ ಸರ್ಕಾರಿ ದಾಖಲೆಯಲ್ಲಿ ಒಂದು ಅಡ್ಡಹೆಸರು ಬರೆಸಬೇಕಾಯಿತು. ಕೆಲವರು ಹಳೆಯ ಒಡೆಯನ ಹೆಸರು ಬರೆಸಿದರು, ಕೆಲವರು ಒಡೆಯನ ಕಣ್ಣು ತಪ್ಪಿಸಿ ತಮ್ಮೊಳಗೇ ಕಾಪಾಡಿಕೊಂಡು ಬಂದಿದ್ದ ಹೆಸರು ಬರೆಸಿದರು, ಕೆಲವರು ಹೊಸದನ್ನೇ ಆರಿಸಿಕೊಂಡರು. 2010ರ ಜನಗಣತಿಯಲ್ಲಿ ಅಮೆರಿಕದ ಸ್ಮಿತ್‌ಗಳು 24,42,977 ಮಂದಿ. ಆ ದೇಶದ ಅಡ್ಡಹೆಸರುಗಳಲ್ಲಿ ಅದೇ ಮೊದಲು. ಅವರಲ್ಲಿ ಸುಮಾರು 23 ಶೇಕಡಾ ಕರಿಯರು. 1920ರ ದಶಕದಲ್ಲಿ ಬ್ಲೂಸ್ ಹಾಡಿ ಹೆಸರಾದ ಮೇಮಿ, ಬೆಸ್ಸಿ, ಕ್ಲಾರಾ ಮೂವರೂ ಸ್ಮಿತ್. ಮೂವರೂ ಅಕ್ಕತಂಗಿಯರು ಅಂದುಕೊಳ್ಳುವವರು ಈಗಲೂ ಇದ್ದಾರೆ. ಅಲ್ಲ. ಮೇಮಿಗಂತೂ ಅದು ಗಂಡನ ಕಡೆಯಿಂದ ಬಂದ ಹೆಸರು.

ರಕ್ತಪರೀಕ್ಷೆ ಏನು ಹೇಳುತ್ತದೆ ಅನ್ನುತ್ತೀರಾ? ಅದನ್ನೂ ನೋಡಿದ್ದಾರೆ. ಅಡ್ಡಹೆಸರಿನ ಹಾಗೆಯೇ ವೈ ಕ್ರೋಮೋಸೋಮ್ ಕೂಡ ಅಪ್ಪನಿಂದ ಮಗನಿಗೆ ಹೋಗುತ್ತದೆ, ಹಾಗಾಗಿ ಎರಡನ್ನೂ ಜೋಡಿಸಿ ನೋಡಬಹುದು. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಅಡ್ಡಹೆಸರುಗಳನ್ನು ಹೀಗೆ ಪರಿಶೀಲಿಸಿದರು. ಆಟೆನ್‌ಬರೋ ಥರದ ಅಪರೂಪದ ಹೆಸರಿನವರಲ್ಲಿ ಬಹುಪಾಲು ಗಂಡಸರು ಒಬ್ಬನೇ ಮೂಲಪುರುಷನ ಕಡೆಗೆ ಬೊಟ್ಟು ಮಾಡಿದರು. ಸ್ಮಿತ್‌ಗಳನ್ನು ತೆಗೆದುಕೊಂಡರೆ ಬೀದಿಯಲ್ಲಿ ಹೋಗುವ ಯಾರನ್ನೋ ಹಿಡಿದು ತಂದು ಹೋಲಿಸಿದ ಹಾಗೆ. ಹೆಸರು ಅಪರೂಪವಾದಷ್ಟೂ ನಂಟು ಗಟ್ಟಿ, ಸಾಮಾನ್ಯವಾದಷ್ಟೂ ಸಡಿಲ. ಗಂಡುಮಕ್ಕಳಿಲ್ಲದೆ ಸಣ್ಣ ಮನೆತನಗಳ ಹೆಸರು ತಲೆಮಾರಿಗೆ ಕೆಲವು ಅಳಿಸಿಹೋಗುತ್ತಲೇ ಇರುತ್ತವೆ. ದೊಡ್ಡ ಹೆಸರಿಗೆ ಆ ಭಯವಿಲ್ಲ. ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ 1874ರಲ್ಲೇ ಇದನ್ನು ಲೆಕ್ಕ ಹಾಕಲು ಕೂತರು. ಇವತ್ತು ಆ ಲೆಕ್ಕ ಅಣು ಸರಪಳಿ ಕ್ರಿಯೆಗೂ ಸಾಂಕ್ರಾಮಿಕ ರೋಗದ ಹರಡುವಿಕೆಗೂ ಉಪಯೋಗಕ್ಕೆ ಬರುತ್ತದೆ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಒಂದು ವಿಶ್ವಕೋಶದ ಸಂಪುಟಕ್ಕೆ ಅಕಾರಾದಿ ಸೂಚಿ ಮಾಡಿಕೊಡುತ್ತಿದ್ದೆ. ಅವಸರದ ಕೆಲಸ. ‘ವಿಲಿಯಂ ಸ್ಮಿತ್’ ಬಂದ ಪುಟಗಳನ್ನೆಲ್ಲ ಒಂದೇ ಸಾಲಿಗೆ ಸೇರಿಸಿದೆ. ಅಚ್ಚಾದ ಮೇಲೆ ಓದುಗರೊಬ್ಬರು ಕಾರ್ಡು ಬರೆದರು: ನಿಮ್ಮ ಸೂಚಿಯ ಪ್ರಕಾರ ಈ ಮನುಷ್ಯ 1819ರಲ್ಲಿ ಅಂಟಾರ್ಕ್ಟಿಕದ ಹತ್ತಿರ ಹೊಸ ನೆಲ ಕಂಡ, ಅದೇ ವರ್ಷ ಲಂಡನ್ನಿನಲ್ಲಿ ಸಾಲ ತೀರಿಸಲಾರದೆ ಜೈಲಿಗೂ ಹೋದ, ಬಹಳ ಓಡಾಟದ ವರ್ಷ ಇರಬೇಕು.

ಇಬ್ಬರು ವಿಲಿಯಂ ಸ್ಮಿತ್. ಒಬ್ಬ ‘ವಿಲಿಯಮ್ಸ್’ ಎಂಬ ಸರಕು ಹಡಗಿನ ನಾವಿಕ. ದಕ್ಷಿಣ ಅಮೆರಿಕದ ತುದಿ ಬಳಸಿ ವಾಲ್ಪರೈಸೊಗೆ ಹೋಗುವಾಗ ಬಿರುಗಾಳಿಗೆ ಸಿಕ್ಕಿ ದಕ್ಷಿಣಕ್ಕೆ ತೀರಾ ಸರಿದ. 1819ರ ಫೆಬ್ರವರಿ 19ರಂದು ಹಿಮದ ನಡುವೆ ನೆಲ ಕಂಡ. ವಾಲ್ಪರೈಸೊದಲ್ಲಿ ಹೇಳಿದಾಗ ನೌಕಾಪಡೆಯವರು ನಂಬಲಿಲ್ಲ. ಛಲ ಬಿಡದೆ ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ಹೋಗಿ ದಡದಲ್ಲಿ ಇಳಿದ. ಅವೇ ಸೌತ್ ಶೆಟ್ಲೆಂಡ್ ದ್ವೀಪಗಳು. ಅವುಗಳಲ್ಲಿ ಒಂದಕ್ಕೆ ಸ್ಮಿತ್ ದ್ವೀಪ ಎಂಬ ಹೆಸರು ಅವನಿಂದ.

ಇನ್ನೊಬ್ಬ ಕಾಲುವೆ ತೋಡಿಸುವ ಭೂಮಾಪಕ. ನೆಲ ಕಡಿದಲ್ಲೆಲ್ಲ ಕಲ್ಲಿನ ಪದರಗಳು ಒಂದೇ ಕ್ರಮದಲ್ಲಿ ಕೂತಿರುವುದನ್ನು, ಪ್ರತಿ ಪದರಕ್ಕೂ ಅದರದೇ ಪಳೆಯುಳಿಕೆಗಳಿರುವುದನ್ನು ಗಮನಿಸಿದ. ಒಂಟಿಯಾಗಿ ಊರೂರು ಸುತ್ತಿ 1815ರಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಒಂದು ಭಾಗದ ಭೂವಿಜ್ಞಾನ ನಕ್ಷೆ ಹೊರತಂದ. ಆಳಿಗಿಂತ ಎತ್ತರದ ನಕ್ಷೆ. ಬಣ್ಣಗಳನ್ನು ಕೈಯಿಂದ ತುಂಬಿದ್ದು. ದುಡ್ಡು ಮಾತ್ರ ಹುಟ್ಟಲಿಲ್ಲ. 1819ರ ಬೇಸಿಗೆಯಲ್ಲಿ ಸಾಲಗಾರರ ಸೆರೆಮನೆಯಲ್ಲಿ ಎರಡು ತಿಂಗಳ ಮೇಲೆ ಕೂತ. ಮರ್ಯಾದೆ ಸಿಕ್ಕಿದ್ದು 1831ರಲ್ಲಿ, ಲಂಡನ್ನಿನ ಭೂವಿಜ್ಞಾನ ಸಂಘದ ವೊಲಾಸ್ಟನ್ ಪದಕ ಮೊತ್ತಮೊದಲಿಗೆ ಅವನ ಕೈಗೆ ಬಂದಾಗ.

ಅವನ ಬಗ್ಗೆ ನಿಮ್ಮ ಮಗಳಿಗೆ ಇನ್ನೊಂದು ಹೇಳಿ. ಆಕ್ಸ್‌ಫರ್ಡ್‌ಷೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಈ ವಿಲಿಯಮನ ಅಪ್ಪ ಜಾನ್ ಸ್ಮಿತ್ ಆ ಹಳ್ಳಿಯ ಕಮ್ಮಾರ. ಹೆಸರೂ ಕಸುಬೂ ಹೀಗೆ ಒಂದೇ ಆಗಿರುವುದು 18ನೇ ಶತಮಾನದ ಹೊತ್ತಿಗೆ ಕಾಕತಾಳೀಯ. ನಾನು ನೋಡಿದ ಪ್ರಸಿದ್ಧ ಸ್ಮಿತ್‌ಗಳಲ್ಲಿ ಅಪ್ಪನ ಕೈಯಲ್ಲಿ ನಿಜವಾದ ಸುತ್ತಿಗೆ ಕಂಡದ್ದು ಇಲ್ಲೇ. ಆಡಮ್ ಸ್ಮಿತ್‌ನ ಅಪ್ಪ ಸುಂಕದ ಇಲಾಖೆಯವನು. ಮಗನೂ 1778ರಲ್ಲಿ ಎಡಿನ್‌ಬರೋದ ಸುಂಕ ಆಯುಕ್ತನಾದ. ಆದರೂ 1776ರ ತನ್ನ ಪುಸ್ತಕವನ್ನು ಆತ ಲೋಹದ ಕೆಲಸದಿಂದಲೇ ಆರಂಭಿಸಿದ. ಗುಂಡುಸೂಜಿ ಮಾಡುವ ಕೆಲಸವನ್ನು ಹದಿನೆಂಟು ಹಂತಗಳಾಗಿ ಹಂಚಿಕೊಂಡರೆ ಹತ್ತು ಜನ ಸೇರಿ ದಿನಕ್ಕೆ 48,000 ಸೂಜಿ ಮಾಡುತ್ತಾರೆ ಎಂಬ ಲೆಕ್ಕ. ಹಳ್ಳಿಯ ಒಂಟಿ ಕಮ್ಮಾರನ ಕಾಲ ಮುಗಿಯಿತು ಅಂತ ಜಗತ್ತಿಗೆ ಸಾರಿದವನ ಹೆಸರೂ ಕಮ್ಮಾರನೇ.

ಊರುಗಳಿಗೆ ಬರೋಣ. ಇಲ್ಲಿ ಲೇಡಿಸ್ಮಿತ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಕಾರಣ ಓದಿದರೆ ಗೊತ್ತಾಗುತ್ತದೆ.

1812ರ ಏಪ್ರಿಲ್‌ನಲ್ಲಿ ಸ್ಪೇನಿನ ಬದಹೋಸ್ ಕೋಟೆಯನ್ನು ವೆಲಿಂಗ್ಟನ್ನನ ಬ್ರಿಟಿಷ್ ಸೈನ್ಯ ನುಗ್ಗಿ ಹಿಡಿಯಿತು. ಹಿಡಿದ ಮೇಲೆ ಸೈನಿಕರು ಊರನ್ನು ಕೊಳ್ಳೆ ಹೊಡೆದರು. ಆ ಗದ್ದಲದಿಂದ ತಪ್ಪಿಸಿಕೊಂಡು ಇಬ್ಬರು ಅಕ್ಕತಂಗಿಯರು ಬ್ರಿಟಿಷ್ ಅಧಿಕಾರಿಗಳ ಡೇರೆಯ ಕಡೆ ಬಂದರು. ಯಾರೋ ಓಲೆ ಕಿತ್ತುಕೊಂಡಿದ್ದರಿಂದ ಕಿವಿಗಳಲ್ಲಿ ರಕ್ತ. ಕಿರಿಯವಳು ಹ್ವಾನಾ, ಹದಿನಾಲ್ಕು ವರ್ಷ. ಅಲ್ಲಿದ್ದ ಹ್ಯಾರಿ ಸ್ಮಿತ್ ಎಂಬ ಯುವ ಅಧಿಕಾರಿ ಕೆಲವೇ ದಿನಗಳಲ್ಲಿ ಅವಳನ್ನು ಮದುವೆಯಾದ. ಅಲ್ಲಿಂದ ಮುಂದೆ ಅವಳು ಕುದುರೆಯ ಮೇಲೆ ಸೈನ್ಯದ ಜೊತೆಯಲ್ಲೇ ಬಾಳಿದಳು.

ಮೂರು ವರ್ಷದ ನಂತರ ವಾಟರ್ಲೂ. 1815ರ ಜೂನ್ 18ರ ಯುದ್ಧ ಮುಗಿದ ಮೇಲೆ ಬ್ರಸೆಲ್ಸ್‌ಗೆ ಮರಳುತ್ತಿದ್ದ ರೈಫಲ್ ಪಡೆಯ ಸೈನಿಕರನ್ನು ಹ್ವಾನಾ ತಡೆದು ಕೇಳಿದಳು. 95ನೇ ರೆಜಿಮೆಂಟಿನ ಬ್ರಿಗೇಡ್ ಮೇಜರ್ ಸ್ಮಿತ್ ಸತ್ತ ಅಂದರು. ಹ್ಯಾರಿ ಆ ರೆಜಿಮೆಂಟಿನವನೇ, ಹುದ್ದೆಯೂ ಅದೇ. ಅವಳು ಕುದುರೆ ಓಡಿಸಿಕೊಂಡು ರಣಭೂಮಿಗೆ ಹೋದಳು. ಹೆಣಗಳ ನಡುವೆ, ಆಗಷ್ಟೇ ಮುಚ್ಚಿದ ಗೋರಿಗಳ ನಡುವೆ ಗಂಡನನ್ನು ಹುಡುಕಿದಳು. ಪರಿಚಯದ ಅಧಿಕಾರಿಯೊಬ್ಬ ಎದುರಾಗದಿದ್ದರೆ ಇನ್ನೆಷ್ಟು ಹೊತ್ತು ಹುಡುಕುತ್ತಿದ್ದಳೋ. ಸತ್ತವನು ಚಾರ್ಲ್ಸ್ ಸ್ಮಿತ್, ಬೇರೆ ಬ್ರಿಗೇಡಿನ ಮೇಜರ್; ಹ್ಯಾರಿ ಕ್ಷೇಮವಾಗಿದ್ದಾನೆ ಎಂದು ಅವನು ಹೇಳಿದ. ಬರವಣಿಗೆಯಲ್ಲಿ ಇಬ್ಬರ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸ ಇತ್ತು. ದಾರಿಯಲ್ಲಿ ನಿಂತು ಕೇಳುವ ಹೆಂಗಸಿನ ಕಿವಿಗೆ ಆ ಅಕ್ಷರ ಬೀಳುವುದಿಲ್ಲ.

‘ಯಾವ ಸ್ಮಿತ್?’ ಎಂಬ ಪ್ರಶ್ನೆ ಸೂಚಿ ಮಾಡುವವರ ತಲೆನೋವು ಮಾತ್ರ ಅಲ್ಲ ಅಂತ ನನಗೆ ತಿಳಿದದ್ದು ಈ ಘಟನೆ ಓದಿದ ಮೇಲೆ.

ಹ್ಯಾರಿ ಮುಂದೆ ಸರ್ ಹ್ಯಾರಿಯಾಗಿ 1847ರಿಂದ 1852ರವರೆಗೆ ದಕ್ಷಿಣ ಆಫ್ರಿಕದ ಕೇಪ್ ವಸಾಹತಿನ ಗವರ್ನರ್ ಆದ. ನೇಟಾಲಿನ ಲೇಡಿಸ್ಮಿತ್ 1850ರಲ್ಲಿ ಹೆಸರು ಪಡೆದದ್ದು ಹ್ವಾನಾಳಿಂದ. ಪಶ್ಚಿಮ ಕೇಪಿನಲ್ಲೂ ಅವಳ ಹೆಸರಿನ ಇನ್ನೊಂದು ಊರಿದೆ. ಎರಡೂ ಗೊಂದಲವಾಗಿ ಕೊನೆಗೆ ಅದರ ಕಾಗುಣಿತದಲ್ಲಿ ಒಂದು ಅಕ್ಷರ ಬದಲಿಸಿದರು. ವಾಟರ್ಲೂ ನೆನಪಾಗುತ್ತದೆ. ಹ್ಯಾರಿಸ್ಮಿತ್ ಎಂಬ ಊರು ಅವನದು. ಅಲಿವಾಲ್ ನಾರ್ತ್ ಎಂಬ ಊರಿನಲ್ಲಿ ಸ್ಮಿತ್ ಕಾಣುವುದಿಲ್ಲ, ಆದರೆ ಅದೂ ಅವನದೇ: 1846ರಲ್ಲಿ ಪಂಜಾಬಿನ ಅಲಿವಾಲ್‌ನಲ್ಲಿ ಸಿಖ್ ಸೈನ್ಯದ ಮೇಲೆ ಅವನು ಗೆದ್ದ ಕಾಳಗದ ನೆನಪು. ಪಂಜಾಬಿನ ಹಳ್ಳಿಯ ಹೆಸರು ಆಫ್ರಿಕದ ನದಿದಡಕ್ಕೆ ಹೋಗಿ ಕೂತದ್ದು ಹೀಗೆ.

ಲೇಡಿಸ್ಮಿತ್‌ನ ಓಟ ಅಲ್ಲಿಗೂ ನಿಲ್ಲಲಿಲ್ಲ. ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದವರಿಗೂ ನಡೆದ ಬೋಯರ್ ಯುದ್ಧದಲ್ಲಿ 1899ರ ನವೆಂಬರಿನಿಂದ 118 ದಿನ ಆ ಊರು ಮುತ್ತಿಗೆಯಲ್ಲಿತ್ತು. ಅದನ್ನು ಬಿಡಿಸಲು ನಡೆದ ಕಾಳಗಗಳಲ್ಲೇ ಗಾಂಧೀಜಿ ಕಟ್ಟಿದ ಭಾರತೀಯರ ಶುಶ್ರೂಷಾ ಪಡೆ ಗಾಯಾಳುಗಳನ್ನು ಹೊತ್ತದ್ದು. 1900ರಲ್ಲಿ ಮುತ್ತಿಗೆ ತೆರವಾದ ಸುದ್ದಿ ಕೆನಡಾ ತಲುಪಿದಾಗ, ಬ್ರಿಟಿಷ್ ಕೊಲಂಬಿಯಾದ ಕಲ್ಲಿದ್ದಲು ಧಣಿ ಜೇಮ್ಸ್ ಡನ್ಸ್‌ಮ್ಯೂರ್ ತಾನು ಕಟ್ಟುತ್ತಿದ್ದ ಊರಿಗೆ ಅದೇ ಹೆಸರಿಟ್ಟ. ಹ್ವಾನಾ ಅಲ್ಲಿಗೆ ಹೋದವಳೇ ಅಲ್ಲ. ಊರಿನ ಹೆಸರು ಇನ್ನೊಂದು ಊರಿನಿಂದ, ಆ ಊರಿನ ಹೆಸರು ಒಬ್ಬ ಹೆಂಗಸಿನಿಂದ, ಅವಳ ಹೆಸರು ಗಂಡನಿಂದ, ಗಂಡನದು ಯಾವುದೋ ಕಾಲದ ಕುಲುಮೆಯಿಂದ. ಮಗಳು ಚಿತ್ರ ಬರೆಯುವುದಾದರೆ ಈ ಸರಪಳಿಯನ್ನು ಬರೆಯಲಿ.

ಇನ್ನು ಆ ವೇಷಧಾರಿ. ಲಂಡನ್ನಿನ ಸ್ಮಿತ್‌ಫೀಲ್ಡ್ ಹೆಸರಿನಲ್ಲಿ ಕಮ್ಮಾರ ಇಲ್ಲ. ಅದು ‘ನುಣುಪಾದ ಬಯಲು’, ಸ್ಮೂತ್ ಫೀಲ್ಡ್. 12ನೇ ಶತಮಾನದಲ್ಲೇ ಅಲ್ಲಿ ಕುದುರೆ ಸಂತೆ ನಡೆಯುತ್ತಿತ್ತು. ಸಮತಟ್ಟು ಬಯಲು ಎಂದೇ ಆಗಿನವರು ಬರೆದಿದ್ದಾರೆ. ನಾಲಿಗೆಯಲ್ಲಿ ಸವೆದು ಸವೆದು ಸ್ಮಿತ್ ಆಯಿತು. ತಮಾಷೆ ಏನೆಂದರೆ, ದಕ್ಷಿಣ ಆಫ್ರಿಕದ ಫ್ರೀ ಸ್ಟೇಟ್ ಪ್ರಾಂತ್ಯದಲ್ಲೂ ಒಂದು ಸ್ಮಿತ್‌ಫೀಲ್ಡ್ ಇದೆ, ಅದು ನಿಜಕ್ಕೂ ಸ್ಮಿತ್‌ನ ಊರು. ಮತ್ತೆ ನಮ್ಮ ಹ್ಯಾರಿ. ಒಂದೇ ಕಾಗುಣಿತದ ಎರಡು ಊರು, ಒಂದು ಹೆಸರಿನೊಳಗೆ ಮನುಷ್ಯ ಇದ್ದಾನೆ, ಇನ್ನೊಂದರೊಳಗೆ ಬರೀ ಹುಲ್ಲು.

ಫೋರ್ಟ್ ಸ್ಮಿತ್ ಕೂಡ ಎರಡಿವೆ. ಅಮೆರಿಕದ ಆರ್ಕನ್ಸಾದಲ್ಲಿ ಇರುವುದು 1817ರಲ್ಲಿ ಕೋಟೆ ಕಟ್ಟಲು ಆಜ್ಞೆ ಕೊಟ್ಟ ಜನರಲ್ ಥಾಮಸ್ ಸ್ಮಿತ್‌ನದು. ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ಇರುವುದು ಡೊನಾಲ್ಡ್ ಸ್ಮಿತ್‌ನದು. ಈ ಡೊನಾಲ್ಡ್ 1885ರ ನವೆಂಬರ್ 7ರಂದು ಕೆನಡಿಯನ್ ಪೆಸಿಫಿಕ್ ರೈಲುಹಾದಿಯ ಕೊನೆಯ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ. ಸುತ್ತ ಜನ, ಎದುರಿಗೆ ಫೋಟೋ ತೆಗೆಯುವವನು. ಏಟು ಬಿತ್ತು, ಮೊಳೆ ಬಾಗಿತು! ಅದನ್ನು ಕಿತ್ತು ಇನ್ನೊಂದು ಇಟ್ಟರು. ಹೆಸರಿನಿಂದ ಕಸುಬು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನ್ನ ಬಳಿ ಇಲ್ಲ.

ವಸ್ತುಗಳಲ್ಲಿ ಸೇಬಿನದು ನೇರ ಕತೆ. ಮಾರಿಯಾ ಆನ್ ಸ್ಮಿತ್ ಎಂಬ ಅಜ್ಜಿ, ಸಿಡ್ನಿ ಹತ್ತಿರದ ಈಸ್ಟ್‌ವುಡ್‌ನಲ್ಲಿ ಅವಳ ತೋಟ. 1868ರಲ್ಲಿ ಅಲ್ಲಿ ತಾನಾಗಿ ಮೊಳೆತ ಗಿಡವೊಂದು ಹಸಿರು ಹುಳಿ ಹಣ್ಣು ಬಿಟ್ಟಿತ್ತು. ಇವತ್ತು ಮಾರುಕಟ್ಟೆಯಲ್ಲಿರುವ ಗ್ರ್ಯಾನಿ ಸ್ಮಿತ್ ಗಿಡಗಳೆಲ್ಲ ಆ ಒಂದೇ ಗಿಡದ ಕಸಿ. ಹಾಗೆ ನೋಡಿದರೆ ನಿಮ್ಮ ಪಟ್ಟಿಯಲ್ಲಿ ನಿಜವಾದ ಒಂದೇ ಮೂಲದ ಸ್ಮಿತ್ ವಂಶ ಇದೊಂದೇ. ಅಜ್ಜಿಯ ತವರಿನ ಹೆಸರು ಶೆರ್‌ವುಡ್, ಸ್ಮಿತ್ ಗಂಡನದು.

ವಾಷಿಂಗ್ಟನ್ನಿನ ದೊಡ್ಡ ವಸ್ತುಸಂಗ್ರಹಾಲಯ ಸಂಸ್ಥೆಯಾದ ಸ್ಮಿತ್‌ಸೋನಿಯನ್ ಅಷ್ಟು ಸುಲಭ ಅಲ್ಲ. ಸ್ಮಿತ್‌ಸನ್ ಅಂದರೆ ಸ್ಮಿತ್‌ನ ಮಗ. ಹ್ಯೂ ಸ್ಮಿತ್‌ಸನ್ ಎಂಬವನು ಶ್ರೀಮಂತ ಪರ್ಸಿ ಮನೆತನದ ಹೆಣ್ಣನ್ನು ಮದುವೆಯಾಗಿ, ಆಸ್ತಿಯ ಜೊತೆಗೆ ಆ ಹೆಸರನ್ನೂ ಪಡೆದು ತನ್ನ ಹಳೆಯ ಹೆಸರನ್ನು ಬಿಟ್ಟ; ಮುಂದೆ ನಾರ್ತಂಬರ್ಲೆಂಡಿನ ಡ್ಯೂಕ್ ಆದ. ಮದುವೆಯಾಚೆ ಅವನಿಗೆ ಹುಟ್ಟಿದ ಮಗ ಜೇಮ್ಸ್ ಅಮ್ಮನ ಕಡೆಯ ಮೇಸಿ ಎಂಬ ಹೆಸರಿನಲ್ಲಿ ಬೆಳೆದ. ಅಮ್ಮ 1800ರಲ್ಲಿ ತೀರಿಕೊಂಡ ಮೇಲೆ, ಮೂವತ್ತೈದರ ಆಸುಪಾಸಿನಲ್ಲಿ, ಹೆಸರು ಬದಲಿಸಿ ಜೇಮ್ಸ್ ಸ್ಮಿತ್‌ಸನ್ ಆದ. ಅಪ್ಪ ಕಳಚಿ ಎಸೆದದ್ದನ್ನು ಮಗ ಎತ್ತಿಕೊಂಡು ತೊಟ್ಟುಕೊಂಡ.

ಆತ ರಸಾಯನಶಾಸ್ತ್ರಜ್ಞ. ಸತುವಿನ ಅದಿರುಗಳನ್ನೆಲ್ಲ ಆಗ ‘ಕ್ಯಾಲಮೈನ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಸ್ಮಿತ್‌ಸನ್ ಬೇರೆ ಬೇರೆ ಕಡೆಯ ತುಂಡುಗಳನ್ನು ತಂದು ಪರೀಕ್ಷಿಸಿ, ಇವು ಒಂದೇ ಖನಿಜವಲ್ಲ, ಹೆಸರು ಮಾತ್ರ ಒಂದು, ಒಳಗಿನ ರಸಾಯನ ಬೇರೆ ಎಂದು 1802ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ. ನನ್ನ ಕಸುಬಿನವರು ಈತನ ಪಟ ಹಾಕಿಕೊಳ್ಳಬೇಕು! ಬೇರೆಯಾದ ಆ ಖನಿಜಗಳಲ್ಲಿ ಸತುವಿನ ಕಾರ್ಬೊನೇಟಿಗೆ 1832ರಲ್ಲಿ ಫ್ರೆಂಚ್ ವಿಜ್ಞಾನಿ ಬ್ಯೂಡಾಂ ‘ಸ್ಮಿತ್‌ಸೋನೈಟ್’ ಅಂತ ಹೆಸರಿಟ್ಟ.

1829ರಲ್ಲಿ ತೀರಿಕೊಂಡ ಸ್ಮಿತ್‌ಸನ್ನನ ಉಯಿಲಿನಲ್ಲಿ ಒಂದು ವಿಚಿತ್ರ ಸಾಲಿತ್ತು. ತಮ್ಮನ ಮಗ ಮಕ್ಕಳಿಲ್ಲದೆ ಸತ್ತರೆ ಆಸ್ತಿಯೆಲ್ಲ ಅಮೆರಿಕಕ್ಕೆ ಹೋಗಬೇಕು, ವಾಷಿಂಗ್ಟನ್ನಿನಲ್ಲಿ ತನ್ನ ಹೆಸರಿನ ಸಂಸ್ಥೆ ಆಗಬೇಕು. ಆತ ಅಮೆರಿಕದ ನೆಲ ತುಳಿದವನೇ ಅಲ್ಲ. ತಮ್ಮನ ಮಗ 1835ರಲ್ಲಿ ಹಾಗೇ ಸತ್ತ. 1838ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿನ್ನದ ಸಾವರಿನ್ ನಾಣ್ಯಗಳು ಹಡಗಿನಲ್ಲಿ ಬಂದವು. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅವನ್ನು ಕರಗಿಸಿ ಡಾಲರ್ ಮಾಡಿದರು, ಸುಮಾರು ಐದು ಲಕ್ಷ. ಈ ದುಡ್ಡನ್ನು ಏನು ಮಾಡುವುದು ಅಂತ ಸಂಸತ್ತು 1846ರವರೆಗೆ ಜಗಳವಾಡಿತು. 1904ರಲ್ಲಿ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಟಲಿಯ ಜಿನೋವಾಕ್ಕೆ ಹೋಗಿ ಸ್ಮಿತ್‌ಸನ್ನನ ಮೂಳೆಗಳನ್ನು ತಂದ. ಅವು ಈಗ ಆ ಸಂಸ್ಥೆಯ ಕಟ್ಟಡದಲ್ಲೇ ಇವೆ. ಇವನನ್ನು ಮರದಲ್ಲಿ ಎಲ್ಲಿ ಇಡಬೇಕು ಅಂತ ಕೇಳಿದರೆ, ಚುಕ್ಕೆ ಗೆರೆ ಎಳೆಯಲು ಹೇಳುತ್ತೇನೆ.

ರೇಡಿಯೋ ಎಂಜಿನಿಯರುಗಳು ಬಳಸುವ ಸ್ಮಿತ್ ಚಾರ್ಟ್ 1939ರಲ್ಲಿ ಬೆಲ್ ಪ್ರಯೋಗಾಲಯದ ಫಿಲಿಪ್ ಸ್ಮಿತ್ ಪ್ರಕಟಿಸಿದ್ದು. ಜೀವರಾಶಿಗಳ ಡಿಎನ್‌ಎ ಹೋಲಿಸಿ ನೋಡುವ ಸ್ಮಿತ್–ವಾಟರ್‌ಮನ್ ಗಣನಕ್ರಮ 1981ರಲ್ಲಿ ಟೆಂಪಲ್ ಸ್ಮಿತ್ ಮತ್ತು ಮೈಕಲ್ ವಾಟರ್‌ಮನ್ ಕಟ್ಟಿದ್ದು. ಪಟ್ಟಿಗೆ ಬೇಕಿದ್ದರೆ ಸೇರಿಸಿಕೊಳ್ಳಿ. ಸೇರಿಸಬಾರದವರೂ ಇದ್ದಾರೆ, ಹೆಸರನ್ನು ಬಿಟ್ಟುಹೋದವರು: ಮೂಕಿ ಚಿತ್ರಗಳ ರಾಣಿ ಮೇರಿ ಪಿಕ್‌ಫರ್ಡ್ ಹುಟ್ಟಿನಿಂದ ಗ್ಲಾಡಿಸ್ ಸ್ಮಿತ್.

ಉಳಿದದ್ದು ಸ್ಮಿತ್ ಸಂಖ್ಯೆ. ಇದನ್ನು ಕಂಡುಹಿಡಿದವನು ಸ್ಮಿತ್ ಅಲ್ಲ, ಆಲ್ಬರ್ಟ್ ವಿಲಾನ್ಸ್ಕಿ ಎಂಬ ಗಣಿತಜ್ಞ. 1982ರಲ್ಲಿ ಸ್ಮಿತ್ ಎಂಬ ಹೆಸರಿನ ನೆಂಟನ ಏಳಂಕಿಯ ಫೋನ್ ನಂಬರಿನಲ್ಲಿ ಅವನಿಗೆ ಒಂದು ಗುಣ ಕಾಣಿಸಿತು. ಇಂಗ್ಲಿಷಿನಲ್ಲಿ ಆ ನೆಂಟನನ್ನು ಬ್ರದರ್ ಇನ್ ಲಾ ಅಂತ ಬರೆದಿದ್ದಾರೆ. ಭಾವನೋ ಭಾವಮೈದುನನೋ ಷಡ್ಡಕನೋ ಹೇಳಲು ಆ ಭಾಷೆಗೆ ಪುರುಸೊತ್ತಿಲ್ಲ. ಗುಣ ಇದು: ಅವಿಭಾಜ್ಯವಲ್ಲದ ಒಂದು ಸಂಖ್ಯೆ ತೆಗೆದುಕೊಂಡು ಅದರ ಅಂಕಿಗಳನ್ನು ಕೂಡಿ, ಆಮೇಲೆ ಆ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದು ಅವುಗಳ ಅಂಕಿಗಳನ್ನು ಕೂಡಿ. ಎರಡು ಮೊತ್ತವೂ ಒಂದೇ ಆದರೆ ಅದು ಸ್ಮಿತ್ ಸಂಖ್ಯೆ. 22 ತೆಗೆದುಕೊಳ್ಳಿ. 2 ಮತ್ತು 2 ಸೇರಿ 4. ಒಡೆದರೆ 2 ಗುಣಿಸು 11. ಅಂಕಿಗಳು 2, 1, 1, ಸೇರಿ 4. 27 ಆದರೆ 2 ಮತ್ತು 7 ಸೇರಿ 9, ಒಡೆದರೆ ಮೂರು 3ಗಳು, ಅದೂ 9. ಅದರ ಮುಂದಿನದು 58. ಅದನ್ನು ನಿಮ್ಮ ಮಗಳೇ ಒಡೆದು ನೋಡಲಿ.